ಖಣಿಗೆ ಉಡಿ ತುಂಬಿದ್ದು

ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಬಸ್ಸಿನ ಕಂಡಕ್ಟರು ಒಂದೇ ಉಸಿರಿಗೆ ಕೂಗುವ ಊರುಗಳಿವೆಯಲ್ಲ, ಅವುಗಳಲ್ಲಿ ಒಂದು ಊರಿನ ಸಂಗತಿ ಇದು. ಯಾವ ಊರು ಎಂದು ಹೇಳುವುದಿಲ್ಲ. ಆ ಊರಿನವರು ನಮಗೂ ಬೀಗರು, ನಾಳೆ ಮದುವೆ ಊಟಕ್ಕೆ ಎದುರುಬದುರು ಕೂರಬೇಕಾದವರು. ಆ ಊರಿಗೊಂದು ದೊಡ್ಡ ಕೆರೆ. ಅದರ ನೀರು ಕುಡಿದೇ ಊರು ದೊಡ್ಡದಾಯಿತು. ದೊಡ್ಡದಾದ ಮೇಲೆ ಊರು ಮಾಡಿದ ಘನಕಾರ್ಯವೆಂದರೆ ತನ್ನ ಗಟಾರಗಳನ್ನೆಲ್ಲ ಅದೇ ಕೆರೆಗೆ ತಿರುಗಿಸಿದ್ದು. ನೂಲಿಗೆ ಬಣ್ಣ ಹಾಕುವವರ ಕೆಂಪು ನೀಲಿ ನೀರು, ಗ್ಯಾರೇಜುಗಳ ಎಣ್ಣೆ, ಹಳೆಯ ಬ್ಯಾಟರಿ ಒಡೆಯುವವರ ತೊಳೆನೀರು ಎಲ್ಲವೂ ಅಲ್ಲಿಗೇ ಹೋದವು. ಕೊನೆಗೆ ಕೆರೆಯಲ್ಲಿ ನೀರಿಗಿಂತ ಹೂಳೇ ಹೆಚ್ಚಾಯಿತು. ಆ ಹೂಳು ತೆಗೆಯುವ ಗುತ್ತಿಗೆ ಸಿದ್ದಲಿಂಗೇಶನ ಪಾಲಿಗೆ ಬಂತು.

ಸಿದ್ದಲಿಂಗೇಶ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ನಲವತ್ತು ದಾಟಿದ, ಹೊಟ್ಟೆ ಸ್ವಲ್ಪ ಮುಂದೆ ಬಂದ, ನಗುಮುಖದ ಆಸಾಮಿ. ಊರಿನ ಅರ್ಧ ರಸ್ತೆ, ಮುಕ್ಕಾಲು ಗಟಾರ ಅವನೇ ಕಟ್ಟಿಸಿದ್ದು. ಸಿಟ್ಟಿನಿಂದ ಬಂದವನನ್ನು ಚಹಾ ಕುಡಿಸಿ, ಹೆಗಲ ಮೇಲೆ ಕೈ ಹಾಕಿ, ನಗಿಸಿ ಕಳಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ತನ್ನ ಮಾತಿಗೆ ಕರಗದ ಮನುಷ್ಯನಿಲ್ಲ ಎಂಬ ನಂಬಿಕೆ ಅವನಿಗೆ ಗಟ್ಟಿಯಾಗಿತ್ತು. ಹೂಳು ಕರಗಲಿಲ್ಲ, ಅದೇ ತೊಂದರೆಯಾಯಿತು.

ನಮ್ಮ ಸೀಮೆಯಲ್ಲಿ ಕೆರೆ ಮಣ್ಣೆಂದರೆ ರೈತರು ಬಿಡುವುದುಂಟೇ. ಕೆರೆ ತೋಡುತ್ತಾರೆಂಬ ಸುದ್ದಿ ಬಿದ್ದರೆ ಸಾಕು, ಹಿರೇಹಂದಿಗೋಳದಿಂದ ಹಿಡಿದು ಎಲ್ಲೆಲ್ಲಿಂದಲೋ ಟ್ರ್ಯಾಕ್ಟರುಗಳು ಸಾಲು ಹಚ್ಚಿ ನಿಲ್ಲುತ್ತವೆ, ನನಗೆ ಮೊದಲು ನಿನಗೆ ಮೊದಲು ಎಂದು ಕೊರಳಪಟ್ಟಿಗೆ ಕೈ ಹೋಗುತ್ತದೆ. ಸಿದ್ದಲಿಂಗೇಶನೂ ಅದನ್ನೇ ನೆಚ್ಚಿಕೊಂಡಿದ್ದ. ಮೊದಲ ಟ್ರ್ಯಾಕ್ಟರಿಗೆ ಹಾರ ಹಾಕಿ ಕಾಯಿಯನ್ನೂ ಒಡೆದ. ಆದರೆ ಮೊದಲು ಒಯ್ದವರ ಹೊಲದಲ್ಲಿ ಮೆಣಸಿನ ಸಸಿ ಬೆಂಕಿ ತಾಗಿದಂತೆ ಸುಟ್ಟು ಬಿದ್ದವು. ಹೂಳನ್ನು ಕಡಿದರೆ ಒಳಗೆ ಕಪ್ಪು, ನೀಲಿ, ಕೆಂಪು ಪದರಗಳು. ಕೆಸರೆಂದರೆ ಪ್ರಾಣ ಬಿಡುವ ಎಮ್ಮೆಗಳೂ ಮೂಸಿ ನೋಡಿ ಮುಖ ತಿರುಗಿಸಿದವು. ಮರುದಿನದಿಂದ ಒಂದು ಟ್ರ್ಯಾಕ್ಟರೂ ಬರಲಿಲ್ಲ. ಕೆರೆಯ ದಂಡೆಯ ಮೇಲೆ ಹೂಳು ಗುಡ್ಡದಂತೆ ಬಿತ್ತು. ಮುಂಗಾರಿನ ಮಿರಗದ ಮಳೆ ಬಂದರೆ ಅಷ್ಟೂ ಕರಗಿ ಕೆರೆಗೇ ವಾಪಸ್. ಮುಂದೆ ಮೂರು ತಲೆಮಾರು ಜನ ಸಿದ್ದಲಿಂಗೇಶನ ಹೆಸರು ಹೇಳಿ ನಗುವುದು ಖಂಡಿತ.

ಅವನು ಕಾರವಾರದ ಕಡೆಯವನಾಗಿದ್ದರೆ ಎಲ್ಲವನ್ನೂ ಹಡಗಿಗೆ ಹೇರಿ ಸಮುದ್ರಕ್ಕೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದನೇನೋ. ಬಂದರಿನ ಹೂಳನ್ನು ಹಾಗೆ ಸುರಿಯುತ್ತಾರೆ, ಮೀನುಗಾರರು ಬೇಡ ಎಂದು ಬೀದಿಗಿಳಿಯುತ್ತಾರೆ ಎಂದು ಅವನು ಟೀವಿಯಲ್ಲಿ ನೋಡಿದ್ದ. ಸಮುದ್ರ ಅಷ್ಟು ದೊಡ್ಡದು, ಇಷ್ಟು ಮಣ್ಣು ಯಾವ ಲೆಕ್ಕ ಎಂದು ಆಗ ಅವನಿಗೆ ಅನ್ನಿಸಿತ್ತು. ನಮ್ಮ ಕಡೆ ಸಮುದ್ರವೆಲ್ಲಿದೆ. ಹುಡುಕಿ ಹುಡುಕಿ ಕೊನೆಗೆ ಅವನಿಗೆ ಸಿಕ್ಕಿದ್ದು ಕಲ್ಲಕೊಪ್ಪದ ಖಣಿ.

ಕಲ್ಲಕೊಪ್ಪ ಡೋಣಿ ಊರಿನ ಆಚೆ, ಕಪ್ಪತಗುಡ್ಡ ಕಣ್ಣೆದುರಿಗೇ ಕಾಣುವ ಸಣ್ಣ ಊರು. ಅಲ್ಲಿಯ ಮಹಬೂಬಸಾಬನ ಅಜ್ಜನ ಕಾಲದಿಂದ ಕಲ್ಲು ಒಡೆದ ಖಣಿ ಅದು. ಒಂದು ದಿನ ತಳದಲ್ಲಿ ಸೆಲೆ ಒಡೆದು ನೀರು ನುಗ್ಗಿತು, ಕಲ್ಲಿನ ಕೆಲಸ ಅಲ್ಲಿಗೇ ನಿಂತಿತು. ಆವತ್ತಿನಿಂದ ಅದು ಊರಿನ ಜೀವ. ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರು, ದನಕ್ಕೆ, ಬಟ್ಟೆಗೆ, ಈಜಿಗೆ ಎಲ್ಲಕ್ಕೂ ಅದೇ. ಮಹಬೂಬಸಾಬ ಅದರಲ್ಲಿ ಮೀನು ಬಿಟ್ಟಿದ್ದ. ಸರಕಾರದ ಕಾಗದದಲ್ಲಿ ಮಾತ್ರ ಅದು ಇಂದಿಗೂ ಉಪಯೋಗವಿಲ್ಲದ ಖಣಿ. ಸಿದ್ದಲಿಂಗೇಶನಿಗೆ ಅಷ್ಟು ಸಾಕಾಯಿತು, ಪರವಾನಗಿ ಸಿಕ್ಕಿತು.

ಮೊದಲ ದಿನ ಹೋದ ಟಿಪ್ಪರಿನ ಮುಂದೆ ಊರಿಗೆ ಊರೇ ಬಂದು ಕುಳಿತಿತು. ಚಾಲಕ ಲಕ್ಕಪ್ಪ ಗಾಡಿ ತಿರುಗಿಸಿಕೊಂಡು ಬಂದ. ಮರುದಿನ ಸಿದ್ದಲಿಂಗೇಶನೇ ಪೇಢೆಯ ಡಬ್ಬಿ ಹಿಡಿದು ಹೋದ. ಗುಡಿಯ ಕಟ್ಟೆಯ ಮೇಲೆ ಜನ ಸೇರಿದರು. ಅವನು ಎಲ್ಲರನ್ನೂ ಮಾತಾಡಿಸಿದ, ಖಣಿ ತುಂಬಿಸಿ ಮೇಲೆ ಒಳ್ಳೆಯ ಮಣ್ಣು ಹಾಸಿ ಮಕ್ಕಳಿಗೆ ಆಟದ ಬಯಲು ಮಾಡಿಕೊಡುತ್ತೇನೆ ಎಂದ, ಹೂಳಿನಲ್ಲಿ ಏನೂ ದೋಷವಿಲ್ಲ ಎಂದ. ಯಾರೂ ಪೇಢೆ ಮುಟ್ಟಲಿಲ್ಲ. ಹೂಳನ್ನು ಯಾರಾದರೂ ತಪಾಸಣೆ ಮಾಡಿದ್ದಾರೆಯೇ ಎಂದು ಒಬ್ಬ ಕೇಳಿದ. ಸುಟ್ಟ ಮೆಣಸಿನ ಸಸಿಯ ಫೋಟೋವನ್ನು ಇನ್ನೊಬ್ಬ ಮೊಬೈಲಿನಲ್ಲಿ ತೋರಿಸಿದ. ಆಮೇಲೆ ಮಹಬೂಬಸಾಬ ಎದ್ದು ನಿಂತ.

"ಸಾಹುಕಾರ್ರ, ನಮ್ಮ ಕುಡಿಯೂ ನೀರಿನ ಬಾವಿಗೂ ಖಣಿಗೂ ಒಳಗಿಂದೊಳಗ ನಂಟೈತ್ರಿ. ಖಣಿಗೆ ಮೋಟರ್ ಹಚ್ಚಿದ್ರ ಸಂಜಿಗೆ ಬಾವ್ಯಾಗ ನೀರು ಇಳಿತಾವ. ನೀವು ಅಲ್ಲಿ ಸುರದದ್ದು ನಾಳೆ ನಮ್ಮ ಕೊಡದಾಗ ಬರ್ತದ."

ಕಲ್ಲಿನೊಳಗಿಂದ ನೀರು ಹರಿಯುವುದಿಲ್ಲ ಎಂದು ಇಂಜಿನಿಯರು ಹೇಳಿದ್ದಾರೆ ಎಂದು ಸಿದ್ದಲಿಂಗೇಶ ಏನೋ ತಡವರಿಸಿದ. ಗದ್ದಲ ಎದ್ದಿತು. ಇನ್ನು ಇಲ್ಲಿ ತನ್ನ ಬೇಳೆ ಬೇಯುವುದಿಲ್ಲ ಎಂದು ಅವನು ಏಳುವಷ್ಟರಲ್ಲಿ, ಕಟ್ಟೆಯ ತುದಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದ ಗದಿಗೆವ್ವ ಬಾಯಿ ತೆರೆದಳು. ಊರಿನ ಹಿರಿಯ ಹೆಂಗಸು, ಅವಳು ಮಾತಾಡಿದರೆ ಉಳಿದವರು ಸುಮ್ಮನಾಗುತ್ತಾರೆ.

"ಆತು ತಮ್ಮಾ, ನಿನ್ನ ಕಡೆ ಸರಕಾರದ ಕಾಗದ ಐತಿ, ನಾವು ಎಷ್ಟಂತ ಅಡ್ಡ ಕುಂಡ್ರೂಣು. ಆದ್ರ ಒಂದು ಮಾತು. ವರ್ಷಾ ಮಳಿ ಹಿಡಿಯೂಕಿಂತ ಮೊದಲ ನಾವು ಖಣಿಗೆ ಉಡಿ ತುಂಬತೇವಿ. ಈ ವರ್ಷದ್ದು ಇನ್ನೂ ತುಂಬಿಲ್ಲ. ಬರೇ ಉಡೀಲೆ ಹೆಣ್ಣಮಗಳನ್ನ ಹೆಂಗ ಕಳಸೂದು? ಈ ಸಲದ ಸೀರಿ ನಿಮ್ಮ ಮನೀದು ಬರಲಿ."

ಊರಿನವರು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದರು. ಸಿದ್ದಲಿಂಗೇಶ ಮಾತ್ರ ಎರಡೂ ಕೈಯಿಂದ ಒಪ್ಪಿಕೊಂಡ. ದಾರಿಯುದ್ದಕ್ಕೂ ಹಾಡು ಗುನುಗಿದ, ನೋಡಿದಿಯಾ ಹೇಗೆ ಒಲಿಸಿಕೊಂಡೆ ಎಂದು ಲಕ್ಕಪ್ಪನ ಬೆನ್ನು ತಟ್ಟಿದ. ಅವನು ಎಡವಿದ್ದು ಇಲ್ಲಿಯೇ. ಹೆಣ್ಣುಮಗಳ ಉಡಿ, ಅಂದರೆ ಮಡಿಲು, ತುಂಬುವ ಸೀರೆ ತವರುಮನೆಯಿಂದ ಬರುತ್ತದೆಂದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಭೂಮಿಪೂಜೆ, ಗುದ್ದಲಿಪೂಜೆ ಮಾಡಿ ಮಾಡಿ ಅವನಿಗೆ ಪೂಜೆ ಯಾವುದು, ನೆಂಟಸ್ತಿಕೆ ಯಾವುದು ಎಂಬುದೇ ಮರೆತುಹೋಗಿತ್ತು.

ಮನೆಗೆ ಬಂದು ತಾಯಿ ಹನಮಂತವ್ವನನ್ನು ಕೇಳಿದ, ಕೆಲಸದ ಜಾಗದಲ್ಲಿ ಒಂದು ಗಂಗೆಪೂಜೆ ಇದೆ, ಉಡಿ ತುಂಬುವ ಸಾಮಾನು ಬೇಕು ಎಂದು. ಹನಮಂತವ್ವ ಮುಖ ಎತ್ತಿ ಅವನನ್ನು ನೋಡಿದಳು. ಅವಳಿಗೆ ಹೆಣ್ಣುಮಕ್ಕಳಿಲ್ಲ, ಇವನೊಬ್ಬನೇ ಮಗ. ನಾಗರ ಪಂಚಮಿ ಬಂತೆಂದರೆ ಓಣಿಯ ಮನೆಮನೆಗೂ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಇವರ ಮನೆಗೆ ಬರುವವರಿಲ್ಲ, ಹೋಗುವವಳು ಸೊಸೆ ಶೈಲಾ ಮಾತ್ರ. ಅಣ್ಣ ಬಂದು ಅವಳನ್ನು ಕರೆದೊಯ್ದ ಮೇಲೆ ತಾಯಿ ಮಗ ಇಬ್ಬರೇ ಕುಳಿತು ಉಂಡಿ ತಿನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲಂತೂ ಉಡಿ ತುಂಬುವ ಕಾರ್ಯ ಎಲ್ಲಿದ್ದರೂ ಹನಮಂತವ್ವ ಅಡಿಗೆ ಮನೆಯ ಕಡೆ ಸರಿದು ನಿಲ್ಲುತ್ತಿದ್ದಳು. ಬೇರೆಯವರು ಹೇಳುವ ಮೊದಲೇ ತಾನಾಗಿ ಸರಿಯುವುದು ಲೇಸು ಎಂಬುದು ಅವಳ ಲೆಕ್ಕ. ಈಗ ಟ್ರಂಕು ತೆಗೆದು ಹಸಿರು ಇಳಕಲ್ ಸೀರೆಯನ್ನು ಹೊರತೆಗೆದಳು. ಯಾರಿಗೆಂದು ಇಟ್ಟಿದ್ದೆ ಎಂದು ಮಗ ಕೇಳಲಿಲ್ಲ, ಅವಳು ಹೇಳಲಿಲ್ಲ. ತಾನೂ ಬರುತ್ತೇನೆ ಎಂದಳು ಅಷ್ಟೇ.

ಕಲ್ಲಕೊಪ್ಪದ ಹೆಂಗಸರೆಲ್ಲ ಖಣಿಯ ಮೆಟ್ಟಿಲ ಮೇಲೆ ಸೇರಿದ್ದರು. ನೀರಿನ ಅಂಚಿನ ಹಾಸುಗಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ ಸೀರೆ ಹಾಸಿದರು. ಮಹಬೂಬಸಾಬನ ಹೆಂಡತಿ ಸುಗ್ರಾಬಿ ಹಸಿರು ಬಳೆ ತಂದಿದ್ದಳು, ಖಣಿಗೆ ಬಳೆ ಇಡುವ ಹಕ್ಕು ಅವರ ಮನೆಯದು. ಇನ್ನೇನು ಅಕ್ಕಿ ಹಾಕಬೇಕು ಎನ್ನುವಾಗ ಹನಮಂತವ್ವ ರೂಢಿಯಂತೆ ಹಿಂದೆ ಸರಿದು ಕಲ್ಲಿಗೆ ಒರಗಿ ನಿಂತಳು. ಗದಿಗೆವ್ವ ಅದನ್ನು ಕಂಡು ಕೈ ಹಿಡಿದು ಎಳೆದಳು. ಸೀರೆ ತಂದವರು ಹಿಂದೆ ನಿಂತರೆ ಹೇಗೆ ಎಂದಳು. ಹನಮಂತವ್ವ ಮೆಲ್ಲಗೆ ತನ್ನ ಬರಿಗೊರಳು ಮುಟ್ಟಿ ತೋರಿಸಿದಳು.

"ತಾಯಿ ಕೈಗೆ ಎಂಥಾ ದೋಷ ಬಿಡವ್ವಾ, ತುಂಬು," ಎಂದಳು ಗದಿಗೆವ್ವ.

ಹನಮಂತವ್ವ ಕುಳಿತಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ಒಂದೊಂದಾಗಿ ಸೀರೆಯ ಸೆರಗಿಗೆ ಹಾಕಿದಳು. ಕೊನೆಗೆ ಒಂದು ಮುಷ್ಟಿ ಅಕ್ಕಿಯನ್ನು ನೀರಿಗೆ ಬಿಟ್ಟಾಗ ಎಲ್ಲಿದ್ದವೋ ಮೀನುಗಳು ದಂಡುಗಟ್ಟಿ ಬಂದವು. ಬೆಳ್ಳಿ ಮೈ ಹೊರಳಿಸಿ ಅವಳ ಬೆರಳ ತುದಿಗೇ ಬಾಯಿ ಹಚ್ಚಿದವು. ಹನಮಂತವ್ವ ಕಚಗುಳಿ ಇಟ್ಟವರಂತೆ ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣಲ್ಲಿ ನೀರು ತುಂಬಿತು. ತಾಯಿ ಹೀಗೆ ನಕ್ಕಿದ್ದನ್ನು ಸಿದ್ದಲಿಂಗೇಶ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಅವನಿಗೆ ಖುಷಿಯಾಯಿತು, ಕೆಲಸವೂ ಆಯಿತು ಪುಣ್ಯವೂ ಬಂತು ಎಂದುಕೊಂಡ.

ಅಷ್ಟರಲ್ಲಿ ಹನಮಂತವ್ವ ನೀರಿನತ್ತ ಬಾಗಿ, ಮುಂದಿನ ವರ್ಷ ಇದಕ್ಕಿಂತ ಒಳ್ಳೆಯ ಸೀರೆ ತರುತ್ತೇನೆ ಮಗಳೇ ಎಂದಳು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನಸ್ಸಿನಲ್ಲಿ ಒಂದಿಟ್ಟುಕೊಂಡು ನಗಲು ಬಾರದ ಸುಗ್ರಾಬಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿಯೇ ಬಿಟ್ಟಳು. "ಮುಂದಿನ ವರ್ಷ ಎಲ್ಲೀದ್ರಿ ಅಮ್ಮಾರ. ನಿಮ್ಮ ಮಗಾನ ಇದರ ತುಂಬ ಕೆರಿ ಹೂಳು ಸುರಿಯಾವ್ರದಾರಲ್ಲ."

ಹನಮಂತವ್ವ ಮಗನ ಕಡೆ ತಿರುಗಿದಳು. ಮಗನಿಗೆ ಸರಿಯಾಗಿ ಅದೇ ಹೊತ್ತಿಗೆ ಮೊಬೈಲಿನಲ್ಲಿ ಏನೋ ಮಹತ್ವದ್ದು ಕಾಣಿಸಿತ್ತು.

"ಲೇ ಸಿದ್ಲಿಂಗಾ, ಫೋನ್ ಕಿಸೆದಾಗ ಇಡು. ನಾ ಈಗ ಏನು ಮಾಡಿದೆ?"

"ಪೂಜಿ ಮಾಡಿದಿ ಯವ್ವಾ."

"ಪೂಜಿ ಅಲ್ಲ, ಉಡಿ ತುಂಬಿದೆ. ಸೀರಿ ನಮ್ಮ ಮನೀದು, ಕೈ ನಂದು. ನಾ ತಾಯಿ ಆದೆ. ನೀ ಏನಾದಿ?"

ಸಿದ್ದಲಿಂಗೇಶ ಫೋನನ್ನು ಕಿಸೆಗೆ ಹಾಕಿದ, ತೆಗೆದ, ಮತ್ತೆ ಹಾಕಿದ.

"ಅಣ್ಣ ಆದಿ," ಎಂದಳು ಹನಮಂತವ್ವ. "ನಾ ಅಕ್ಕಿ ಹಾಕಿದ ಉಡ್ಯಾಗ ನೀ ಗಟಾರ ಹಾಕ್ತಿ ಏನು?"

ಅವನು ಕಾಲು ಹಿಡಿಯುವುದೊಂದು ಬಾಕಿ. ಕಾಗದ ಆಗಿದೆ, ಮಳೆ ಬರುತ್ತದೆ, ಹೆಸರು ಹೋಗುತ್ತದೆ ಎಂದೆಲ್ಲ ಬಡಬಡಿಸಿದ. ಅವ್ವ ಎಲ್ಲವನ್ನೂ ಕೇಳಿದಳು. ಕೇಳಿ, ತಾನು ಮಗಳ ಮನೆಗೆ ಬಂದಿದ್ದೇನೆ, ನಾಲ್ಕು ದಿನ ಇದ್ದು ಬರುತ್ತೇನೆ, ನಿನ್ನ ಹೂಳಿಗೆ ಒಂದು ಜಾಗ ಆದ ದಿನ ಕರೆಯಲು ಬಾ ಎಂದು ಗದಿಗೆವ್ವನ ಹಿಂದೆ ಹೊರಟೇಬಿಟ್ಟಳು.

ಅಲ್ಲಿಂದ ಮುಂದೆ ಸಿದ್ದಲಿಂಗೇಶನ ಪಾಡು ದೇವರಿಗೇ ಪ್ರೀತಿ. ಇತ್ತ ಊರಿನಲ್ಲಿ ಹನಮಂತವ್ವ ಸೊಸೆಯ ಜೊತೆ ಜಗಳಾಡಿ ಮನೆ ಬಿಟ್ಟಳಂತೆ ಎಂಬ ಸುದ್ದಿ ಹಬ್ಬಿತು. ಏನೂ ಮಾಡದ ಶೈಲಾ ಉರಿದುಬಿದ್ದು, ಅತ್ತೆ ಬರುವ ತನಕ ನಿನಗೆ ಬಿಸಿರೊಟ್ಟಿ ಇಲ್ಲ ಎಂದಳು. ಅತ್ತ ಕಲ್ಲಕೊಪ್ಪದಲ್ಲಿ ಅವ್ವ ಬೇರು ಬಿಡುತ್ತಿದ್ದಳು. ಮುಂಜಾನೆ ಎದ್ದು ಖಣಿಯ ಮೆಟ್ಟಿಲು ಗುಡಿಸುವುದು, ಸೋಪು ಹಚ್ಚಿ ಬಟ್ಟೆ ಒಗೆಯಲು ಬಂದವರನ್ನು ಗದರಿಸಿ ಕಳಿಸುವುದು, ಮೀನಿಗೆ ಅಕ್ಕಿ ಹಾಕುವುದು ಅವಳ ಕೆಲಸವಾಯಿತು. ಮಹಬೂಬಸಾಬ ಸಂತೆಗೆಂದು ಬಲೆ ತೆಗೆದಾಗ, ಅದೇಕೆ ಎಂದು ಕೇಳಿದಳು. ತಿಳಿದ ಮೇಲೆ ಅವಳ ಮುಖ ಸಪ್ಪಗಾಯಿತು. ಮಗಳ ಮಕ್ಕಳು ತನಗೆ ಮೊಮ್ಮಕ್ಕಳಾಗುತ್ತವೆ, ತಾನು ಇರುವ ತನಕವಾದರೂ ಬಿಡಪ್ಪ ಎಂದಳು. ಹಿರಿಯರ ಮಾತು ಮೀರದ ಮಹಬೂಬಸಾಬ ಬಲೆ ಸುತ್ತಿಟ್ಟ. ಆವತ್ತಿನಿಂದ ಅವನೂ ಸಿದ್ದಲಿಂಗೇಶನಿಗೆ ಫೋನು ಮಾಡತೊಡಗಿದ, ಹೂಳಿನ ಜಾಗ ಜಲ್ದಿ ನೋಡ್ರಿ ಎಂದು.

ಸಿದ್ದಲಿಂಗೇಶ ದಿನಾಲೂ ಬಂದ, ದಿನಾಲೂ ಬರಿಗೈಲಿ ಹೋದ. ಒಂದು ಸಂಜೆ ಗದಿಗೆವ್ವನ ಕಟ್ಟೆಗೆ ಬಂದು, ಇದೆಲ್ಲ ನಿಮ್ಮದೇ ಮಸಲತ್ತು ಎಂದು ಮುಖ ಊದಿಸಿಕೊಂಡು ಕುಳಿತ. ಗದಿಗೆವ್ವ ಹೌದೆಂದೇ ಒಪ್ಪಿಕೊಂಡಳು.

"ಸೀರಿ ತರಸೂ ವಿಚಾರ ನಂದ, ಖರೆ. ಅಣ್ಣ ಅನಿಸ್ಕೊಂಡ ಮ್ಯಾಲರೆ ನಿನಗ ನಾಚಿಕಿ ಬಂದೀತು ಅನಕೊಂಡಿದ್ದೆ. ತಾಯಿನ್ನ ಕರಕೊಂಡು ಬರ್ತಿ ಅಂತ ನನಗೇನು ಗೊತ್ತು? ಈಗ ನನ್ನ ಮನ್ಯಾಗ ಒಲಿ ಮುಂದ ನನಗ ಜಾಗಾ ಇಲ್ಲ."

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅದು ಅವ್ವನ ಕೈಯ ಸಪ್ಪಳವೆಂದು ಅವನಿಗೆ ತಿಳಿಯಿತು. ಆವತ್ತು ಅವನು ಅಲ್ಲಿಯೇ ಕುಳಿತು ನಾಲ್ಕು ರೊಟ್ಟಿ ಉಂಡು ಹೋದ.

ಹೂಳು ಯಾವಾಗ ಎತ್ತುತ್ತಿ ಎಂದು ಕೆರೆ ಕೆಲಸ ನೋಡುವ ಸರಕಾರಿ ಇಂಜಿನಿಯರು ದಿನಕ್ಕೆ ಹತ್ತು ಸಲ ಫೋನು ಮಾಡುತ್ತಿದ್ದರು. ಕಪ್ಪತಗುಡ್ಡದ ಮೇಲೆ ಮೋಡಗಳು ಕಾಣಿಸತೊಡಗಿದವು. ಇನ್ನು ತಡೆಯಲಾಗದು, ಇವತ್ತು ಅವ್ವನನ್ನು ಎತ್ತಿಕೊಂಡಾದರೂ ಹೋಗುವುದೇ ಎಂದು ಹಲ್ಲು ಕಚ್ಚಿ ಒಂದು ಮುಂಜಾನೆ ಬಂದ. ಅವ್ವ ಖಣಿಯ ಕೊನೆಯ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ನೀರಿಗೆ ಏನೋ ಹೇಳುತ್ತಿದ್ದಳು. ಹತ್ತಿರ ಹೋಗಿ ಕೇಳಿದರೆ ಬೇರೇನಲ್ಲ, ಮನೆಯ ಮಾತು. ಶೈಲಾಳ ಕೈರುಚಿ, ಸಣ್ಣವನಿದ್ದಾಗ ಅವನಿಗೆ ಮೈತುಂಬ ಎದ್ದ ಗೋಬರದ ಜ್ವರ, ಅಪ್ಪ ತೀರಿಕೊಂಡ ದಿನ. ಮನೆಯಲ್ಲಿ ಅವಳು ಯಾರಿಗೂ ಹೇಳದ ಮಾತುಗಳು ಇದ್ದವು. ಸಿದ್ದಲಿಂಗೇಶ ಪಕ್ಕದಲ್ಲಿ ಕುಳಿತ. ಅವಳು ಮಾತು ನಿಲ್ಲಿಸಿ ಅವನನ್ನು ನೋಡಿದಳು.

"ನನ್ನ ಕೈಲೆ ಉಡಿ ತುಂಬಿಸ್ಕೊಳ್ಳಾಕ ಒಂದು ಜೀವ ಇರ್ಲಿಲ್ಲ ತಮ್ಮಾ. ನೀ ನಗಬ್ಯಾಡ. ಇದು ಕಲ್ಲು ನೀರು ಅಂತ ನನಗೂ ಗೊತ್ತೈತಿ."

ಅವನು ನಗಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವ್ವನಿಗೆ ಇಂಥದೊಂದು ಕೊರತೆ ಇತ್ತೆಂದು ತನಗೆ ಗೊತ್ತಾಗಲಿಲ್ಲವಲ್ಲ ಎಂದು ತನ್ನ ಮೇಲೆಯೇ ಬೇಸರವಾಯಿತು. ನೀರಿನಲ್ಲಿ ಕಾಣುವ ತಳದ ಕಲ್ಲುಗಳನ್ನು ನೋಡಿದ, ಅದರ ಮೇಲೆ ಕಪ್ಪು ನೀಲಿ ಹೂಳು ಇಳಿಯುವುದನ್ನು ನೆನೆದ. ನೆನೆಯಲೂ ಆಗಲಿಲ್ಲ.

"ಬಿಡವ್ವಾ, ಇಲ್ಲಿ ಹಾಕೂದಿಲ್ಲ," ಎಂದ. "ಬ್ಯಾರೆ ಯಾವುದರೆ ಖಣಿ ನೋಡ್ತೇನಿ."

"ಮತ್ತೊಬ್ಬರ ಮಗಳ ಉಡ್ಯಾಗೂ ಹಾಕಬ್ಯಾಡ," ಎಂದಳು ಅವ್ವ.

ಇದು ಅವನಿಗೆ ಇನ್ನೂ ಕಷ್ಟದ ಮಾತಾಯಿತು. ಎಲ್ಲ ತಗ್ಗಿನಲ್ಲೂ ಯಾರದೋ ನೀರಿರುತ್ತದೆ, ಆ ನೀರಿಗೆ ಒಬ್ಬ ಗದಿಗೆವ್ವ ಇದ್ದೇ ಇರುತ್ತಾಳೆ. ಯೋಚಿಸುತ್ತ ಹೋದರೆ ಟೀವಿಯಲ್ಲಿ ಕಂಡ ಆ ಸಮುದ್ರದವರ ಸಿಟ್ಟೂ ಅವನಿಗೆ ತಡವಾಗಿ ಅರ್ಥವಾಯಿತು. ಸಮುದ್ರ ದೊಡ್ಡದಿರಬಹುದು, ಅದನ್ನು ತಮ್ಮದೆನ್ನುವವರ ಮನೆಗಳು ದಂಡೆಯ ಮೇಲೇ ಇವೆಯಲ್ಲ.

ಇಂಜಿನಿಯರ ಬಳಿ ಹೋಗಿ ಮೊದಲು ಹೂಳನ್ನು ತಪಾಸಣೆಗೆ ಕಳಿಸಿ ಎಂದ. ಅವರು ಬಯ್ಯುತ್ತಾರೆಂದುಕೊಂಡಿದ್ದ, ಅವರು ನಿಟ್ಟುಸಿರು ಬಿಟ್ಟರು. ಅವರಿಗೂ ಒಳಗೊಳಗೇ ಕಸಿವಿಸಿಯಿತ್ತಂತೆ, ಕೇಳುವವರಿರಲಿಲ್ಲವಂತೆ. ಧಾರವಾಡದ ಪ್ರಯೋಗಾಲಯದಿಂದ ವರದಿ ಬಂತು. ಹೊಲಕ್ಕೂ ಬೇಡ, ನೀರಿಗಂತೂ ಬೇಡವೇ ಬೇಡ, ಸೀಸವೂ ಬಣ್ಣದ ವಿಷವೂ ಇದೆ ಎಂದಿತ್ತು. ಹಾಗಾದರೆ ದಾರಿಯೊಂದೇ. ಊರಿನ ಹೊಲಸು ಊರಿನಲ್ಲೇ ಉಳಿಯಬೇಕು. ಕಸ ಹಾಕುವ ಎತ್ತರದ ಜಾಗದಲ್ಲಿ ನೆಲಕ್ಕೆ ಜೇಡಿಮಣ್ಣು ಬಡಿದು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಹೂಳನ್ನು ಅದರ ಮೇಲೆ ಪೇರಿಸಿ, ಮತ್ತೆ ಮುಚ್ಚಿ, ಸುತ್ತ ಒಡ್ಡು ಕಟ್ಟಬೇಕು.

ಇದು ಗೊತ್ತಾದದ್ದೇ ತಡ, ಊರಿನ ಜನ ಎದ್ದರು. ಕಲ್ಲಕೊಪ್ಪಕ್ಕೆ ಹಾಕುವಾಗ ತುಟಿಪಿಟಕ್ಕೆನ್ನದವರೆಲ್ಲ ಈಗ ನಮ್ಮ ಊರಲ್ಲೇ ಏಕೆ, ದೂರ ಎಲ್ಲಾದರೂ ಹಾಕಬಾರದೇ ಎಂದು ಸಭೆಯಲ್ಲಿ ಕೂಗಿದರು. ಸಿದ್ದಲಿಂಗೇಶನ ನಾಲಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆವತ್ತೇ ಇರಬೇಕು. ಮನೆಮನೆಗೆ ಹೋಗಿ ಚಹಾ ಕುಡಿದ, ಹೆಗಲ ಮೇಲೆ ಕೈ ಹಾಕಿದ, ಇದರಲ್ಲಿ ನೀಲಿ ನಿಮ್ಮದು, ಎಣ್ಣೆ ಇವರದು, ಬಚ್ಚಲ ನೀರು ನನ್ನದು, ಎಲ್ಲರೂ ಗುರುತು ಹಿಡಿದು ಮನೆಗೆ ಒಯ್ದರೆ ನನ್ನ ತಕರಾರಿಲ್ಲ ಎಂದು ನಗಿಸಿದ. ಜನ ನಕ್ಕರು, ನಕ್ಕ ಮೇಲೆ ಬೇಡ ಎನ್ನಲು ನಾಚಿದರು.

ಕೆಲಸ ಹಗಲೂ ರಾತ್ರಿ ನಡೆಯಿತು. ಒಡ್ಡಿಗೆ ಕಲ್ಲು ಬೇಕೆಂದಾಗ ಮಹಬೂಬಸಾಬ ಕಲ್ಲಕೊಪ್ಪದಿಂದ ತನ್ನ ಜನರನ್ನು ಕರೆದುಕೊಂಡು ಬಂದು ನಿಂತ. ಅವನಿಗೆ ಖಣಿಯೂ ಉಳಿಯಬೇಕಿತ್ತು, ಬಲೆಯೂ ಹಾಕಬೇಕಿತ್ತು. ಮುಚ್ಚುವ ಹಾಳೆಯ ಕೊನೆಯ ಅಂಚಿಗೆ ಕಲ್ಲು ಹೇರುತ್ತಿರುವಾಗಲೇ ಮಿರಗದ ಮೊದಲ ಮಳೆ ಧಾರಾಕಾರವಾಗಿ ಬಿತ್ತು. ಸಿದ್ದಲಿಂಗೇಶ ಕೊಡೆಯನ್ನೂ ಹಿಡಿಯದೆ ಒಡ್ಡಿನ ಸುತ್ತ ತಿರುಗಿದ, ಎಲ್ಲಾದರೂ ಕಪ್ಪು ನೀರು ಜಿನುಗುತ್ತದೆಯೇ ಎಂದು ಬಗ್ಗಿ ಬಗ್ಗಿ ನೋಡಿದ. ಹರಿದದ್ದು ಬರೀ ಮಳೆಯ ಕೆಂಪು ನೀರು. ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿದ. ಅವಳು ಮರುದಿನ ಗಂಟು ಕಟ್ಟಿದಳು. ಅವಳ ಕಾರು ಊರು ದಾಟಿದ ಕೂಡಲೇ ಮಹಬೂಬಸಾಬ ಬಲೆ ಬಿಡಿಸಿದ ಎಂದು ಲಕ್ಕಪ್ಪ ಇವತ್ತಿಗೂ ಹೇಳಿ ನಗುತ್ತಾನೆ.

ಇಲ್ಲಿಗೆ ಮುಗಿಯಿತು ಎಂದು ಸಿದ್ದಲಿಂಗೇಶ ಅಂದುಕೊಂಡಿದ್ದ. ಪಂಚಮಿ ಹತ್ತಿರ ಬಂತು. ಅಣ್ಣ ಬಂದು ಶೈಲಾಳನ್ನು ಕರೆದೊಯ್ದ. ಅವ್ವ ಶೇಂಗಾ ಉಂಡಿ, ತಂಬಿಟ್ಟು ಕಟ್ಟಿಟ್ಟು ಮಗನ ಮುಖವನ್ನೇ ನೋಡುತ್ತ ಕುಳಿತಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಂಗಿ ಬದಲಿಸಿ ಕಲ್ಲಕೊಪ್ಪಕ್ಕೆ ಹೊರಟ. ಗದಿಗೆವ್ವ ಹಿತ್ತಾಳೆಯ ಕೊಡದಲ್ಲಿ ಖಣಿಯ ನೀರು ತುಂಬಿ, ಕುಂಕುಮ ಹಚ್ಚಿ, ಚಲೋ ನೋಡಿಕೊಳ್ಳಿ, ನಮ್ಮ ಹುಡುಗಿ ಊರು ಬಿಟ್ಟು ಹೋದವಳಲ್ಲ ಎಂದು ಕೊಟ್ಟಳು. ದಾರಿಯುದ್ದಕ್ಕೂ ಅವನು ಕೊಡವನ್ನು ತೊಡೆಯ ಮೇಲೆ ಹಿಡಿದು ಕುಳಿತ, ಪ್ರತಿ ಉಬ್ಬಿಗೂ ಸಾವಕಾಶ ಸಾವಕಾಶ ಎಂದು ಲಕ್ಕಪ್ಪನ ಜೀವ ತಿಂದ. ಯಾರು ಬಂದರು ಎಂದು ಓಣಿಯ ಹೆಂಗಸರು ಕೇಳಿದಾಗ, ತಂಗಿ ಬಂದಾಳ್ರಿ ಎಂದ. ಹೇಳುವಾಗ ತಾನು ತಮಾಷೆ ಮಾಡುತ್ತಿಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಹನಮಂತವ್ವ ಕೊಡವನ್ನು ಜೋಕಾಲಿಯಲ್ಲಿ ಕೂರಿಸಿ ತೂಗಿದಳು. ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ನಕ್ಕರು, ಹಾಡಿದರು. ಆ ಮನೆಯಲ್ಲಿ ಅಂಥ ಪಂಚಮಿ ಎಂದೂ ಆಗಿರಲಿಲ್ಲ.

ಹಬ್ಬ ಕಳೆದು ಮಗಳನ್ನು ಕಳಿಸುವ ದಿನ ಬಂತು. ನೆರೆಮನೆಯಾಕೆ, ನೀರಿಗಾಗಿ ಅಷ್ಟು ದೂರ ಪೆಟ್ರೋಲು ಏಕೆ ಸುಡುತ್ತೀರಿ, ಇಲ್ಲೇ ಎಲ್ಲಾದರೂ ಭಕ್ತಿಯಿಂದ ಬಿಟ್ಟರಾಯಿತು ಎಂದಳು. ಅದೂ ಸರಿಯೆನ್ನಿಸಿ ಸಿದ್ದಲಿಂಗೇಶ ಕೊಡ ಎತ್ತಿಕೊಂಡು ಹೊರಗೆ ಬಂದ. ಅಂಗಳಕ್ಕೆಲ್ಲ ಫರಸಿ ಕಲ್ಲು, ಅದನ್ನು ಹಾಕಿಸಿದವನು ಅವನೇ. ಫರಸಿಯ ಮೇಲೆ ಸುರಿದರೆ ನೀರು ಮನೆಮುಂದಿನ ಗಟಾರಕ್ಕೆ ಹೋಗುತ್ತದೆ, ಅದನ್ನು ಕಟ್ಟಿದವನೂ ಅವನೇ. ಹಿತ್ತಿಲ ಬಚ್ಚಲೂ ಅದೇ ಗಟಾರಕ್ಕೇ. ಗಟಾರದ ಕಪ್ಪು ನೀರು ಓಣಿಯ ತಿರುವು ದಾಟಿ, ಬಣ್ಣದ ಮನೆಗಳ ನೀಲಿಯನ್ನು ಕೂಡಿಸಿಕೊಂಡು, ಹೊಸದಾಗಿ ಹೂಳು ತೆಗೆದ ಕೆರೆಗೆ ಇವತ್ತಿಗೂ ನೆಟ್ಟಗೆ ಹರಿಯುತ್ತಿತ್ತು. ಅವನು ಕೊಡ ಹಿಡಿದು ಅಂಗಳದಲ್ಲಿ ಒಮ್ಮೆ ಅತ್ತ ಹೋದ, ಒಮ್ಮೆ ಇತ್ತ ಬಂದ.

"ಯವ್ವಾ, ಆಕಿನ್ನ ಇಳಸಾಕ ನಮ್ಮ ಮನ್ಯಾಗ ಒಂದು ಜಾಗಾ ಇಲ್ಲಲ್ಲ," ಎಂದ.

ಹನಮಂತವ್ವ ಒಳಗೆ ಹೋಗಿ ಮಗಳ ಜೊತೆ ಕಳಿಸುವ ಉಂಡಿಯ ಡಬ್ಬಿ ತಂದು ಅವನ ಕಂಕುಳಿಗೆ ಸಿಕ್ಕಿಸಿದಳು. ಸಿದ್ದಲಿಂಗೇಶ ಕೊಡ ಹಿಡಿದು ಕಲ್ಲಕೊಪ್ಪಕ್ಕೆ ಹೋದ. ಖಣಿಯ ಮೆಟ್ಟಿಲಿಳಿದು, ಕೊಡವನ್ನು ತಾನೇ ಬಗ್ಗಿಸಿ ನೀರನ್ನು ನೀರಿಗೆ ಸೇರಿಸಿದ. ಇಷ್ಟು ಜಲ್ದಿ ಯಾಕೆ ಕರೆತಂದೆ, ಇನ್ನೂ ನಾಲ್ಕು ದಿನ ಇಟ್ಟುಕೊಳ್ಳಬೇಕಿತ್ತು ಎಂದು ಗದಿಗೆವ್ವ ಮೇಲಿನಿಂದ ಕೇಳಿದಳು. ಅವನು ಒದ್ದೆ ಕೈ ಒರೆಸಿಕೊಳ್ಳಲಿಲ್ಲ.

"ಮುಂದಿನ ಪಂಚಮಿಗೆ ಹೆಚ್ಚಿಗೆ ದಿನ ಇಟ್ಕೋತೇನ್ರಿ," ಎಂದ. "ಅಷ್ಟರಾಗ ಆ ಗಟಾರ ಕೆರಿಗೆ ಹೋಗೂದು ಬಂದ್ ಆಗಬೇಕು. ಇಲ್ಲಾಂದ್ರ ಕರಿಯಾಕ ಯಾವ ಮುಖಾ ಇಟಗೊಂಡು ಬರ್ಲಿ?"